ದೇವಕಮ್ಮನ ಪಾಳಿ

“ಯಕ್ಕಾ, ಬೈಯೋದು ಮುಗೀತೇನು? ನಾ ಉಣ್ಣಾಕ ಹೋಗಬೇಕು” ಎಂದು ಅಮಾತೆಪ್ಪ ಕಾಲುವೆಯ ಏರಿಯ ಮೇಲೆ ನಿಂತು ಕೇಳಿದ. ದೇವಕಮ್ಮನ ಬಾಯಿ ಒಣಗಿತ್ತು. ಅವಳ ಪಾಳಿಯ ನೀರನ್ನು ಅವನು ಡೀಸೆಲ್ ಇಂಜಿನ್ ಹಚ್ಚಿ ತನ್ನ ಎಂಟೆಕರೆ ಭತ್ತಕ್ಕೆ ಎಳೆದುಕೊಂಡದ್ದು ಇದು ನಾಲ್ಕನೇ ಸಲ. ಕೆಳಗೆ ಅವಳ ಎರಡೆಕರೆ ಶೇಂಗಾ ಬಾಡಿ ಮಲಗಿತ್ತು. ಸಗರದ ಸೀಮೆಯಲ್ಲಿ ಚಾಲ್ತಿಯಿದ್ದ ಬೈಗುಳಗಳನ್ನೆಲ್ಲ, ಅವನ ಮುತ್ತಜ್ಜನವರೆಗೂ ಹೋಗಿ, ಬೈದು ಮುಗಿಸಿದ್ದಳು. ಅವೆಲ್ಲ ಅವನು ಚಿಕ್ಕಂದಿನಿಂದ ಕೇಳಿದವೇ. ಒಂದೂ ತಾಗಲಿಲ್ಲ.

ಅಲ್ಲಿಂದ ಅವಳು ನೆಟ್ಟಗೆ ನಸೀರುದ್ದೀನ ಮಾಸ್ತರರ ಮನೆಗೆ ಹೋದಳು. ಶಹಾಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಮಾಸ್ತರರು ಕಟ್ಟೆಯ ಮೇಲೆ ಕನ್ನಡಿ ಹಿಡಿದು ಗಡ್ಡ ಕತ್ತರಿಸಿಕೊಳ್ಳುತ್ತಿದ್ದರು.

“ಸರ್ರ, ಎಲ್ಲಾ ತನಗೇ ಬೇಕನ್ನಾಂವಗ ಇಂಗ್ಲಿಷಿನ್ಯಾಗ ಏನಂತಾರ್ರಿ? ಕನ್ನಡದವು ಅವಗ ರೂಢಿ ಆಗ್ಯಾವ.”

ಮಾಸ್ತರರನ್ನು ಯಾರೂ ಇಂಗ್ಲಿಷ್ ಕೇಳದೆ ಆರು ವರ್ಷವಾಗಿತ್ತು. ಕತ್ತರಿ ಕೆಳಗಿಟ್ಟರು. “ಗ್ರೀಡಿ ಅಂತಾರ.”

“ಅಯ್ಯ, ಅದು ತೊಟ್ಟಿಲ ಕೂಸಿನ ಹೆಸರಿದ್ದಂಗ ಅದ.”

“ಹಾಗ್ ಅಂತನೂ ಅಂತಾರ. ಹಂದಿ.”

“ಹೋಗ್ ಅಂದಂಗ ಕೇಳಸ್ತದ್ರಿ. ಹೋಗಂದ್ರ ಹೋಗಾಂವಲ್ಲ ಅಂವ.”

“ಹಂಗಾರ ಗ್ಲಟನ್ ಅನ್ನು. ಹೊಟ್ಟಿ ಬಿರಿದ್ರೂ ತಿನ್ನೋದು ಬಿಡದಾಂವ.”

ದೇವಕಮ್ಮ ಅದನ್ನು ಎರಡು ಸಲ ಅಂದು ನೋಡಿದಳು. “ಗ್ಲಟನ್. ಗಟಗಟ ಕುಡದಂಗ ಅದ್ರಿ. ಇದಾ ಇರ್ಲಿ.”

ಮರುದಿನ ಚಹಾದ ಹೋಟೆಲ್ಲಿನ ಮುಂದೆ ಅವಳು ಅದನ್ನು ಕೂಗಿದಾಗ ಅಮಾತೆಪ್ಪನ ತುಟಿಯ ಹತ್ತಿರ ಹೋಗಿದ್ದ ಬಸಿ ಅಲ್ಲೇ ನಿಂತಿತು. ಅರ್ಥವಾಗದ ಬೈಗುಳಕ್ಕೆ ತಿರುಗಿ ಏನನ್ನುವುದು? ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಮಾಸ್ತರರ ಕಟ್ಟೆ ಹತ್ತಿ ಅರ್ಥ ಕೇಳಿದ. ಮಾಸ್ತರರು ಅವನ ತೋಳುಗಳನ್ನು ನೋಡಿದರು.

“ತುಂಬಿದ ಮನುಷ್ಯಾ ಅಂತಪಾ. ಭರಪೂರ. ಹಿಂದಕ ನವಾಬರಿಗೆ ಅಂತಿದ್ರು.”

ಅಮಾತೆಪ್ಪನ ಮುಖ ಅರಳಿತು. “ಹಂಗಾರ ಒಂದು ಚೀಟಿ ಮ್ಯಾಲ ಬರದು ಕೊಡ್ರಿ.” ಮಾಸ್ತರರು ಬಾಯಲ್ಲಿ ಸುಳ್ಳು ಹೇಳಿದ್ದರು. ಆದರೆ ಸ್ಪೆಲಿಂಗ್ ತಪ್ಪು ಬರೆಯಲು ಅವರ ಕೈಗೆ ಬರುತ್ತಿರಲಿಲ್ಲ. ಎರಡು ‘ಟಿ’ ಹಾಕಿಯೇ ಕೊಟ್ಟರು.

ವಾರದೊಳಗೆ ಅಮಾತೆಪ್ಪನ ಟ್ರ್ಯಾಲಿಯ ಹಿಂದೆ ಆ ಅಕ್ಷರಗಳು ಕೆಂಪು ಬಣ್ಣದಲ್ಲಿ, ಆಚೆಗೊಂದು ಈಚೆಗೊಂದು ಗುಲಾಬಿ ಹೂವಿನೊಂದಿಗೆ ಮೂಡಿದವು. ಅದೇ ಟ್ರ್ಯಾಲಿಯಲ್ಲಿ ಇಂಜಿನ್ ಹೇರಿಕೊಂಡು ಹೋಗಿ ಕಾಲುವೆಗೆ ಪೈಪು ಬಿಟ್ಟು ನಿಂತಿದ್ದಾಗ ಭೀಮರಾಯನಗುಡಿಯ ನೀರಾವರಿ ಆಫೀಸಿನ ಜೀಪು ಬಂತು. ಹೊಸ ಇಂಜಿನಿಯರ್ ಮೇಡಮ್ ಮೈಸೂರಿನ ಕಡೆಯವರು. ಏರಿಯ ಮೇಲೆ ನಿಂತ ಟ್ರ್ಯಾಲಿಗಳನ್ನು ಅವರು ದಿನವೂ ನೋಡುತ್ತಿದ್ದರು. ಇದನ್ನು ಮಾತ್ರ ಓದಿ ಜೀಪು ನಿಲ್ಲಿಸಿದರು.

“ಏನ್ರೀ ಇದು, ಯಾರ ಹೆಸರು?”

“ನಂದೇ ರಿ ಮೇಡಮ್. ಊರೆಲ್ಲಾ ಹಂಗಾ ಕರೀತದ.”

“ಇಷ್ಟು ನಿಜ ಹೇಳೋ ರೈತರನ್ನ ನಾನು ನೋಡೇ ಇರಲಿಲ್ಲ” ಎಂದು ಮೇಡಮ್ ಕೆಳಗಿಳಿದರು. ಪೈಪು ಕಂಡಿತು. ಪೈಪಿನ ಬೆನ್ನು ಹಿಡಿದು ಹೋದರೆ ಇಂಜಿನ್ ಕಂಡಿತು. ಜಪ್ತಿಯಾದ ಇಂಜಿನ್ನನ್ನು ಅಮಾತೆಪ್ಪನೇ ತನ್ನ ಟ್ರ್ಯಾಲಿಯಲ್ಲಿ ಆಫೀಸಿಗೆ ಮುಟ್ಟಿಸಿ ಬರಬೇಕಾಯಿತು. ದಾರಿಯುದ್ದಕ್ಕೂ ಹಿಂದೆ ಬಂದ ಜೀಪಿನಲ್ಲಿ ನಗು ನಿಂತಿರಲಿಲ್ಲ.

ಮಾರನೆಯ ದಿನ ದೇವಕಮ್ಮನ ಶೇಂಗಾಕ್ಕೆ ನೀರು ಬಂತು. ಸಾಲಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಅವಳು ಸ್ವಲ್ಪ ಅತ್ತಳು. ಸಂಜೆಗೆ ಪಾಳಿ ಮುಗಿಯಿತು. ಅವಳು ಮಾತ್ರ ಕೆಳಗಿನ ಹೊಲಕ್ಕೆ ಹೋಗುವ ನೀರಿಗೆ ಅಡ್ಡ ಹಾಕಿದ್ದ ಮಣ್ಣಿನ ಒಡ್ಡು ತೆಗೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಶೇಂಗಾ ಬಳ್ಳಿ ಮುಳುಗುವಷ್ಟು ನೀರು ನಿಂತಿತ್ತು. ಕೆಳಗಿನ ಹೊಲದ ಚಮನಬೀ ಬಂದಳು. ಅವಳದ್ದು ಒಂದೆಕರೆ ಮೆಣಸಿನ ಗಿಡ.

“ದೇವಕ್ಕಾ, ನಿನ್ನಿ ಸಂಜಿಯಿಂದ ನನ್ನ ಪಾಳಿ ಅದ.”

“ನಂದು ನಾಕು ಪಾಳಿ ಹೋಗ್ಯಾವ. ಇನ್ನೊಂದು ದಿನ ಕುಡೀಲಿ ಬಿಡು. ಬೇಕಾದ್ರ ಬೈಕೋ.”

ಅತ್ತ ಕಡೆಯಿಂದ ವಾಕಿಂಗ್ ಬಂದಿದ್ದ ನಸೀರುದ್ದೀನ ಮಾಸ್ತರರು ನಿಂತರು. ಹೆಂಗಸರಿಗೂ ಒಪ್ಪುವ ಒಂದೆರಡು ಶಬ್ದ ಅವರ ನಾಲಿಗೆಯ ತುದಿಗೆ ಬಂದಿದ್ದವು. ಚಮನಬೀ ಅವರತ್ತ ನೋಡಲೂ ಇಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬದುವಿಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡಳು. ಮೊದಲ ಏಟಿಗೇ ಒಡ್ಡು ಬಾಯಿಬಿಟ್ಟಿತು.