ಮುಂದೆ ಇಳಿದವರು

ಬಾಳಕೃಷ್ಣನ ಕಾಲು ನೆಲ ಮುಟ್ಟಿದ್ದೇ ತಡ, ಮೆತ್ತಗೆ ಒಳಗೆ ಕುಸಿಯಿತು. ಆಗಷ್ಟೇ ನೀರು ಹಾಯಿಸಿದ ಹೊಲ. ತಲೆಯ ಮೇಲಿನ ರೆಕ್ಕೆಯನ್ನು ಇನ್ನೂ ಇಳಿಸಿರಲಿಲ್ಲ, ಪಕ್ಕದಲ್ಲೇ ಮತ್ತೊಂದು ಹ್ಯಾಂಗ್ ಗ್ಲೈಡರ್ ಸುಯ್ಯನೆ ಬಂದು, ತಡವರಿಸಿ, ಮೂಗು ಮಣ್ಣಿಗೆ ಊರಿ ನಿಂತಿತು. ಅದರ ಕೆಳಗಿನಿಂದ ಹೊರಬಂದವನು ಗೌತಮ. ಸವದತ್ತಿ ಗುಡ್ಡದಿಂದ ಜಿಗಿದು, ಬರೀ ಗಾಳಿಯ ಬಲದ ಮೇಲೆ ದೊಡವಾಡದ ಮೈದಾನ ಮುಟ್ಟುವುದು ಸ್ಪರ್ಧೆ. ಅಲ್ಲಿಯವರೆಗೆ ಯಾರೂ ಮುಟ್ಟದಿದ್ದರೆ, ಹೆಚ್ಚು ದೂರ ಬಂದವನಿಗೆ ಬಹುಮಾನ. ದೊಡವಾಡದ ನೀರಿನ ಟಾಕಿ ಆ ಹೊಲದಿಂದ ಕಣ್ಣಿಗೆ ಕಾಣುತ್ತಿತ್ತು.

ಬಾಳಕೃಷ್ಣ ಸವದತ್ತಿಯಲ್ಲಿ ವಕೀಲ. ಗೌತಮನದು ಬೈಲಹೊಂಗಲದಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ. ಇಬ್ಬರೂ ಸೇರಿ ಕಟ್ಟಿದ ಹಾರಾಟದ ಸಂಘಕ್ಕೆ ಒಬ್ಬ ಅಧ್ಯಕ್ಷ, ಇನ್ನೊಬ್ಬ ಕಾರ್ಯದರ್ಶಿ. ಕಳೆದ ವರ್ಷ ರಾಮದುರ್ಗದ ಕಡೆ ಹಾರಿದಾಗ ಯಾರು ಹೆಚ್ಚು ದೂರ ಹೋದರು ಎಂಬ ಮಾತು ಬೆಳೆದು, ಅಂದಿನಿಂದ ಮಾತೇ ನಿಂತಿತ್ತು. ಈ ಸಲದ ಸ್ಪರ್ಧೆಯನ್ನು ಪೊಲೀಸರ ಅನುಮತಿಯಿಂದ ಹಿಡಿದು ಊಟದ ಜುಣಕ-ರೊಟ್ಟಿಯ ತನಕ ಇಬ್ಬರೂ ಮೊಬೈಲಿನ ಸಂದೇಶಗಳಲ್ಲೇ ಸಂಘಟಿಸಿದ್ದರು. ‘ಅಧ್ಯಕ್ಷರ ಗಮನಕ್ಕೆ’ ಎಂದು ಒಬ್ಬ ಬರೆದರೆ, ‘ಕಾರ್ಯದರ್ಶಿಗಳ ಗಮನಕ್ಕೆ’ ಎಂದು ಇನ್ನೊಬ್ಬ.

ವರ್ಷದ ಮೇಲೆ ಗೌತಮನ ಬಾಯಿಂದ ಹೊರಟ ಮೊದಲ ಮಾತು, “ನಾ ಮುಂದ ಅದೇನಿ.”

“ನಿನ್ನ ರೆಕ್ಕಿ ಮೂಗು ಮುಂದ ಅದ. ಕಾಲು ಹಿಂದ ಅವ,” ಎಂದ ಬಾಳಕೃಷ್ಣ.

ರೆಕ್ಕೆಗೆ ಕಟ್ಟಿದ ಜಿಪಿಎಸ್ ಸಂಜೆ ಎಲ್ಲವನ್ನೂ ಹೇಳುತ್ತಿತ್ತು. ಅಷ್ಟು ಹೊತ್ತು ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಗೌತಮ ಗುರುತಿಗೆಂದು ತನ್ನ ಹೆಲ್ಮೆಟ್ ಬಿಚ್ಚಿ ನೆಲದ ಮೇಲೆ ಇಟ್ಟ. ಬಾಳಕೃಷ್ಣ ತನ್ನದನ್ನು ಅದಕ್ಕಿಂತ ಒಂದು ಗೇಣು ಮುಂದೆ ಇಟ್ಟ. ಗೌತಮ ತನ್ನದನ್ನು ಎತ್ತಿ ಮತ್ತಷ್ಟು ಮುಂದೆ ಒಯ್ದ. ಹೆಲ್ಮೆಟ್ಟುಗಳು ಹೀಗೆ ದೊಡವಾಡದ ದಾರಿ ಹಿಡಿದಿದ್ದಾಗ ಬದುವಿನಿಂದ ಕೃಷ್ಣವ್ವ ಬಂದಳು. ಹೊಲ ಆಕೆಯದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಉಳ್ಳಾಗಡ್ಡಿ ಅಗಿಯ, ಅಂದರೆ ಈರುಳ್ಳಿ ಸಸಿಯ, ಕಟ್ಟು. ಆಕೆ ಬೈಯಲಿಲ್ಲ. ಮುಂದೆ ಇಳಿದವರು ಯಾರು ಎಂದಷ್ಟೇ ಕೇಳಿದಳು. ನಾನು ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

“ಛಲೋ ಆತು. ನಿನ್ನೆ ಹಚ್ಚಿದ ಅಗಿ ಮುಂದ ಇಳದವ್ರ ತುಳದಾರ. ಹಿಂದ ನಾ ಇನ್ನೂ ಏನೂ ಹಚ್ಚಿಲ್ಲ.”

ಇಬ್ಬರೂ ಬಗ್ಗಿ ನೋಡಿದರು. ಬೆರಳುದ್ದದ ಹಸಿರು ಸಸಿಗಳು ಬೂಟಿನ ಸುತ್ತ ಮಣ್ಣಲ್ಲಿ ಮಲಗಿದ್ದವು. ಬಾಳಕೃಷ್ಣ ಸದ್ದಿಲ್ಲದೆ ತನ್ನ ಹೆಲ್ಮೆಟ್ ಎತ್ತಿಕೊಂಡು ಹಿಂದೆ ತಂದ. ಮುಂದಿದ್ದವರು ಗೌತಮ ಅವರೇ, ತಾನೇ ಕಣ್ಣಾರೆ ನೋಡಿದ್ದೇನೆ ಎಂದು ಬಾಳಕೃಷ್ಣ ಹೇಳಿದ. ಛೇ, ವಕೀಲ ಸಾಹೇಬರೇ ಮುಂದೆ, ಗೆದ್ದವರೂ ಅವರೇ ಎಂದು ಗೌತಮ ಕೈ ಮುಗಿದ.

ಬೆಳೆ ಕೆಡಿಸಿದವನು ಹೊಲದವರು ಒಪ್ಪುವ ತನಕ ಹೊಲ ಬಿಡುವಂತಿಲ್ಲ, ಬಿಟ್ಟರೆ ಅವನ ಹಾರಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ನಿಯಮ ಬರೆದವನು ಬಾಳಕೃಷ್ಣ. ಊರೂರಿಗೆ ಟಂಟಂ ಗಾಡಿ ಕಳಿಸಿ ಅದನ್ನು ಮೈಕಿನಲ್ಲಿ ಸಾರಿಸಿದವನು ಗೌತಮ. ಕೃಷ್ಣವ್ವ ಅದನ್ನು ಕಿವಿಗೊಟ್ಟು ಕೇಳಿದ್ದಳು. ವಕೀಲ ಪರಿಹಾರದ ಮಾತು ತೆಗೆದಾಗ ಆಕೆ ಬೇಡವೆಂದು ಕೈಯಾಡಿಸಿದಳು.

“ರೊಕ್ಕ ತಗೊಂಡು ಏನ ಮಾಡ್ಲಿ? ಅಗಿ ಹಚ್ಚೂ ಹೆಣ್ಣಾಳೆಲ್ಲ ನಿಮ್ಮನ್ನ ನೋಡಾಕ ಮುಂಜಾನೆನ ದೊಡವಾಡಕ್ಕ ಹೋಗ್ಯಾರ. ಕಿತ್ತ ಅಗಿ ಬಾಡಾಕ ಹತ್ತೇತಿ. ಬೂಟ ಬಿಚ್ಚರಿ.”

ಬಿಚ್ಚಿದರು. ರೆಕ್ಕೆಗಳನ್ನು ಬದುವಿಗೆ ಸಾಗಿಸಿ, ಪ್ಯಾಂಟು ಮಡಚಿ ಮಡಿಗೆ ಇಳಿದರು. ಮೊದಲು ತಾವು ತುಳಿದದ್ದನ್ನು ಸರಿ ಮಾಡಿದರು, ಆಮೇಲೆ ಆಕೆ ತೋರಿಸಿದಲ್ಲೆಲ್ಲ ನೆಟ್ಟರು. ವಕೀಲನ ಸಾಲು ಡೊಂಕಾಗಿ ಹೊರಟಿತು. ಗೌತಮ ಸಸಿಯನ್ನು ಒತ್ತಿ ಒತ್ತಿ ಹೂತೇ ಬಿಡುತ್ತಿದ್ದ. ಕೃಷ್ಣವ್ವ ಇಬ್ಬರ ಬೆನ್ನ ಹಿಂದೆ ಬಂದು, ಕಿತ್ತು ಮತ್ತೆ ಹಚ್ಚುತ್ತಿದ್ದಳು. ಸೊಂಟ ಸೆಟೆದುಕೊಂಡು ಒಮ್ಮೆ ಎದ್ದು ನಿಂತಾಗ ಬಾಳಕೃಷ್ಣ ಕೇಳಿಯೇ ಬಿಟ್ಟ.

“ಮ್ಯಾಲ ಅಷ್ಟೊತ್ತು ನನ್ನ ಹಿಂದ ಯಾಕ ಸುತ್ತು ಹಾಕಿದಿ?”

“ನೀ ಸುತ್ತಾಕ ಹತ್ತಿದ್ದಿ. ಅಲ್ಲಿ ನಿನಗ ಮ್ಯಾಲೇರೂ ಬಿಸಿಗಾಳಿ ಸಿಕ್ಕೈತಿ ಅನಕೊಂಡೆ.”

ಬಾಳಕೃಷ್ಣ ಕೈಯಲ್ಲಿದ್ದ ಸಸಿಯ ಬೇರಿನ ಮಣ್ಣು ಕೊಡವಿದ. “ನನಗೆಲ್ಲಿ ಸಿಕ್ಕಿತ್ತು. ನೀ ಬರ್ಲಿಕತ್ತಿದ್ದು ನೋಡಿ, ಇಲ್ಲೇ ಅದ ಅನಕೊಂಡು ಸುತ್ತಿದೆ.”

ಒಬ್ಬರನ್ನೊಬ್ಬರು ನಂಬಿ ಇಬ್ಬರೂ ನೆಲಕ್ಕೆ ಇಳಿದಿದ್ದರು. ಗೌತಮ ನಗು ತಡೆಯಲು ನೋಡಿದ, ಆಗದೆ ಕೆಸರಿನಲ್ಲೇ ಕುಳಿತ. ಬಾಳಕೃಷ್ಣ ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಣ್ಣು ಮೆತ್ತಿಕೊಂಡ.

ಆಗ ಹಿಂದಿನ ಮಡಿಗಳ ಮೇಲೆ ನೆರಳೊಂದು ಹರಿಯಿತು. ಹಳದಿ ರೆಕ್ಕೆ, ತೀರ ಕೆಳಗೆ. ರಾಮದುರ್ಗದ ಶೀತಲ, ಈ ಸಲವೇ ಮೊದಲ ಬಾರಿಗೆ ಸ್ಪರ್ಧೆಗೆ ಬಂದವಳು, ಉಳಿದವರೆಲ್ಲ ಹಿಂದೆಯೇ ಇಳಿದಿದ್ದರು, ಗಾಳಿಯಲ್ಲಿದ್ದವಳು ಆಕೆಯೊಬ್ಬಳೇ. ಆಕೆಯೂ ಇಳಿಯಲು ಜಾಗ ಹುಡುಕುತ್ತಿದ್ದಳು. ಇಳಿದರೆ ಇವರ ಹಿಂದೆಯೇ ಇಳಿಯಬೇಕು. ಬಹುಮಾನ ಇವರಿಬ್ಬರಲ್ಲಿ ಒಬ್ಬನಿಗೆ. ಅಷ್ಟರಲ್ಲಿ ಆಚೆಯ ಒಣ ಎರೆಹೊಲದ ಮೇಲೆ ಹದ್ದುಗಳು ಗಿರಕಿ ಹೊಡೆಯುತ್ತ ಮೇಲೇರುವುದು ಗೌತಮನ ಕಣ್ಣಿಗೆ ಬಿತ್ತು. ನಿಜವಾದ ಬಿಸಿಗಾಳಿ ಅಲ್ಲಿತ್ತು. ಬಾಳಕೃಷ್ಣನೂ ಅದನ್ನೇ ನೋಡುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮರುಕ್ಷಣ ಕೆಸರು ಕೈಗಳನ್ನು ಎತ್ತಿ ಆ ಕಡೆ ಬೀಸುತ್ತ ಬದುವಿನುದ್ದಕ್ಕೂ ಓಡಿದರು. ಶೀತಲ ರೆಕ್ಕೆ ಓರೆ ಮಾಡಿದಳು. ಹದ್ದುಗಳ ಕೆಳಗೆ ಹೊಕ್ಕು, ಸುತ್ತುತ್ತ ಸುತ್ತುತ್ತ ಬೆರಳಿನಷ್ಟಾಗಿ, ದೊಡವಾಡದ ಕಡೆ ತೇಲಿ ಹೋದಳು.

ಏದುಸಿರು ಬಿಡುತ್ತ ಇಬ್ಬರೂ ನೋಡುತ್ತ ನಿಂತರು. ಕೃಷ್ಣವ್ವ ಕೈಯಲ್ಲಿ ಉಳಿದ ಕಟ್ಟನ್ನು ನೋಡಿದಳು, ಖಾಲಿ ಮಡಿಗಳನ್ನು ನೋಡಿದಳು.

“ಆಕಿನ್ನ ಯಾಕ ಮ್ಯಾಲ ಕಳಿಸಿದ್ರಿ? ಇಳದಿದ್ರ ಹೊತ್ತ ಮುಣಗೂದ್ರಾಗ ಎಲ್ಲಾ ಅಗಿ ಹಚ್ಚಿ ಮುಗೀತಿತ್ತು.”