ದಕ್ಕೆಯಾಚೆಯ ಊರು

“ಮಳೆಗೆ ಸದ್ದು ಉಂಟು ಮಗಳೇ, ಹಿಮಕ್ಕೆ ಸದ್ದೇ ಇಲ್ಲ. ಬೆಳಿಗ್ಗೆ ಎದ್ದು ನೋಡುವಾಗ ಲಿವರ್‌ಪೂಲ್ ಇಡೀ ಬೆಳ್ಳಗೆ. ಯಾವಾಗ ಬಿತ್ತು, ಎಷ್ಟು ಹೊತ್ತು ಬಿತ್ತು, ಒಂದೂ ಗೊತ್ತಾಗುದಿಲ್ಲ.”

ಕೊಡೆಯ ಕಡ್ಡಿಗೆ ಕಪ್ಪು ಬಟ್ಟೆ ಹೊಲಿಯುತ್ತ ಆದಂ ಕುಂಞಿ ಹೇಳುತ್ತಿದ್ದರು. ಪುತ್ತೂರು ಪೇಟೆಯ ಅವರ ಕೊಡೆ ಅಂಗಡಿಯ ಬೆಂಚಿನಲ್ಲಿ ಕುಳಿತ ಕುಮುದಿನಿಗೆ ಹೊರಗೆ ಉರಿಯುತ್ತಿದ್ದ ೧೯೫೯ರ ಮೇ ತಿಂಗಳ ಬಿಸಿಲು ಮರೆತೇ ಹೋಗಿತ್ತು. ಆ ಬೆಳ್ಳಗಿನ ಊರಿನಲ್ಲಿ ಅವಳು ಆಗಲೇ ನಡೆಯುತ್ತಿದ್ದಳು. ಕಾಲಿಗೆ ಬೂಟು, ತಲೆಯ ಮೇಲೆ ದಾದಿಯರ ಬಿಳಿ ಟೊಪ್ಪಿ. ದಾರಿಯ ಎರಡೂ ಬದಿಯ ಕಿಟಕಿಗಳಲ್ಲಿ ಹಳದಿ ದೀಪ. ಒಂದು ಕಿಟಕಿಯಿಂದ ಯಾರೋ ಅವಳಿಗೆ ಕೈ ಬೀಸಿದಂತೆಯೂ ಆಯಿತು.

ಅಲ್ಲಿನ ಆಸ್ಪತ್ರೆಯೊಂದು ಮೂರು ವರ್ಷದ ನರ್ಸಿಂಗ್ ಕಲಿಕೆಗೆ ಅವಳನ್ನು ಆರಿಸಿ ಬರೆದ ಕಾಗದ ಅವಳ ಮಡಿಲಲ್ಲಿತ್ತು. ಅದರ ಕೆಳಗೆ ಪಾಸ್‌ಪೋರ್ಟಿನ ಅರ್ಜಿ. ಎಲ್ಲ ತುಂಬಿಯಾಗಿತ್ತು, ಅಪ್ಪನ ಒಪ್ಪಿಗೆಯ ಸಹಿಯೊಂದನ್ನು ಬಿಟ್ಟು. ಅಪ್ಪ ತೀರ್ಥರಾಮ ಗೌಡರು ತಮ್ಮೂರು ಸಂಪಾಜೆಯಿಂದ ಆಚೆಗೆ ಮಡಿಕೇರಿ, ಈಚೆಗೆ ಪುತ್ತೂರು, ಇಷ್ಟೇ ಕಂಡ ಮನುಷ್ಯ. “ಆ ಊರಿನಲ್ಲಿ ನಡೆದಾಡಿದವರು ಒಬ್ಬರು ಹೇಳಲಿ, ಹೆಣ್ಣುಮಗಳಿಗೆ ಭಯ ಇಲ್ಲ ಅಂತ. ಆಗ ಹಾಕ್ತೇನೆ” ಎಂದಿದ್ದರು. ಇಡೀ ಸೀಮೆಯಲ್ಲಿ ಹಾಗೆ ಹೇಳಬಲ್ಲವರೆಂದರೆ ಯುದ್ಧಕ್ಕೆ ಮೊದಲು ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ ಆದಂ ಕುಂಞಿ ಒಬ್ಬರೇ. ಬೆಳಗಿನ ಬಸ್ಸಿಗೆ ಅಪ್ಪ ಮಗಳು ಬಂದಿಳಿದಿದ್ದರು. ಮಗಳನ್ನು ಅಂಗಡಿಯಲ್ಲಿ ಕೂರಿಸಿ, ಅರ್ಜಿಗೆ ಅಂಟಿಸುವ ಫೋಟೋ ತರಲು ಗೌಡರು ಸ್ಟುಡಿಯೋಗೆ ಹೋಗಿದ್ದರು.

ಆದಂ ಕುಂಞಿಯವರ ಮಾತು ಮುಗಿಯುವಂತಿರಲಿಲ್ಲ. ಹಡಗಿನ ಮುಂದೆ ಹಾರುವ ಮೀನುಗಳು. ಸುಯೆಜ್ ಕಾಲುವೆಯ ದಂಡೆಯಲ್ಲಿ ಹಡಗಿನ ಜೊತೆಗೇ ನಡೆದು ಬರುವ ಒಂಟೆಗಳು. ಮಂಜಿನೊಳಗೆ ಒಂದನ್ನೊಂದು ಕಾಣದೆ ಕೂಗಿ ಕರೆಯುವ ಹಡಗುಗಳು. ಹಡಗು ಬಂದು ನಿಲ್ಲುವ ದಕ್ಕೆಯ ಮೇಲೆ ಕೆಂಪು ಕೊಡೆ ಹಿಡಿದು ಯಾರನ್ನೋ ಕಾಯುತ್ತಿದ್ದ ಒಬ್ಬ ಹೆಂಗಸು.

“ಹಡಗು ಇಳಿದು ರೈಲ್ವೆ ಸ್ಟೇಷನ್ನಿಗೆ ಹೋಗುದು ಹೇಗೆ ಕಾಕ?” ಕುಮುದಿನಿ ಕೇಳಿದಳು. “ನಡೆಯುವಷ್ಟು ಹತ್ತಿರವಾ?”

“ಸ್ಟೇಷನ್ನಾ? ಅಲ್ಲೇ ಉಂಟು.”

“ಎಡಕ್ಕಾ, ಬಲಕ್ಕಾ?”

ಸೂಜಿ ನಿಂತಿತು. ಆದಂ ಕುಂಞಿ ಬೀದಿಯ ಕಡೆಗೊಮ್ಮೆ ನೋಡಿದರು. ಆಮೇಲೆ ಹೊಲಿಯುತ್ತಿದ್ದ ಕೊಡೆಯನ್ನು ಮೆಲ್ಲಗೆ ಕೆಳಗಿಟ್ಟರು.

“ನಿನ್ನ ಹತ್ತಿರ ಎಂತ ಸುಳ್ಳು ಹೇಳುದು ಮಗಳೇ. ನಾನು ಇಳಿಯಲೇ ಇಲ್ಲ.”

“ಎಂತ?”

“ಕಲ್ಲಿದ್ದಲಿನ ಕೆಲಸದವರಿಗೆ ಇಳಿಯುವ ಚೀಟಿ ಕೊಡಲಿಲ್ಲ. ಹನ್ನೊಂದು ದಿವಸ ಹಡಗು ದಕ್ಕೆಯಲ್ಲಿ ನಿಂತಿತ್ತು. ಕೆಲಸ ಮುಗಿದ ಕೂಡಲೇ ಮೇಲೆ ಬಂದು ಕಂಬಿ ಹಿಡಿದು ನಿಲ್ಲುದು, ನೋಡುದು. ಊರಿಗೆ ಬಂದಾಗ ಎಲ್ಲರೂ ಕೇಳಿದರು. ಇಳಿಯಲು ಬಿಡಲಿಲ್ಲ ಅಂತ ಹೇಳಲು ನಾಚಿಕೆ ಆಯ್ತು. ಒಮ್ಮೆ ಹೇಳದೆ ಬಿಟ್ಟೆ ನೋಡು, ಮತ್ತೆ ಹೇಳಲು ಆಗಲೇ ಇಲ್ಲ.” ಅವರು ದನಿ ತಗ್ಗಿಸಿದರು. “ಅಪ್ಪನಿಗೆ ಗೊತ್ತಾಗುದು ಬೇಡ. ಭಯ ಇಲ್ಲ ಅಂತ ನಾನು ಹೇಳ್ತೇನೆ. ನೀನು ಹೋಗಿ ಓದು.”

ಇಷ್ಟು ಹೊತ್ತು ಕುಮುದಿನಿ ಮನಸ್ಸಿನಲ್ಲೇ ನಡೆದ ಬೀದಿಗಳಲ್ಲಿ ಇವರ ಹೆಜ್ಜೆಯೂ ಬಿದ್ದಿರಲಿಲ್ಲ. ಅಷ್ಟರಲ್ಲಿ ತೀರ್ಥರಾಮ ಗೌಡರು ಫೋಟೋದ ಲಕೋಟೆ ಹಿಡಿದು ಮೆಟ್ಟಿಲು ಹತ್ತಿದರು. ಬೆವರು ಒರೆಸಿಕೊಂಡು ಬೆಂಚಿನ ತುದಿಯಲ್ಲಿ ಕುಳಿತರು.

“ಒಂದೇ ಮಾತು ಹೇಳಿ ಮಾರಾಯ್ರೆ. ನೀವು ನಡೆದಾಡಿದ ಊರು. ಕೆಲಸ ಮುಗಿಸಿ ಸಂಜೆ ಇವಳು ಒಬ್ಬಳೇ ಬರುವಾಗ ಭಯ ಉಂಟಾ?”

“ಎಂತ ಭಯ ಗೌಡ್ರೆ? ಆ ಬೀದಿಯಲ್ಲಿ ನಾನು ಎಷ್ಟು ಸಲ...”

ಆದಂ ಕುಂಞಿ ಕೆಮ್ಮಿದರು, ಮತ್ತೆ ಬಾಯಿ ತೆರೆದರು. ತಾನು ಸುಮ್ಮನಿದ್ದರೆ ಸಹಿ ಬೀಳುತ್ತದೆ ಎಂದು ಕುಮುದಿನಿಗೆ ಗೊತ್ತಿತ್ತು. ಮುಂದಿನ ತಿಂಗಳು ಬೊಂಬಾಯಿ, ಹಡಗು, ಹಾರುವ ಮೀನು. ಆದರೆ ಆ ಊರಿನಿಂದ ಅಪ್ಪನಿಗೆ ಬರೆಯುವ ಒಂದೊಂದು ಕಾಗದದ ಅಡಿಯಲ್ಲೂ ಈ ಸುಳ್ಳು ಕೂತಿರುತ್ತದೆ.

“ಇಲ್ಲ ಅಪ್ಪ. ಕಾಕನನ್ನು ಇಳಿಯಲು ಬಿಡಲಿಲ್ಲ. ಹನ್ನೊಂದು ದಿವಸ ಹಡಗಿನ ಮೇಲಿನಿಂದ ನೋಡಿದ್ದು, ಅಷ್ಟೆ.”

ಆದಂ ಕುಂಞಿ ತಲೆ ಎತ್ತಲಿಲ್ಲ. ಕುಮುದಿನಿ ಅರ್ಜಿಯನ್ನು ಮೆಲ್ಲಗೆ ಸುರುಳಿ ಸುತ್ತತೊಡಗಿದಳು. ಗೌಡರು ಮಾತ್ರ ಮಗಳನ್ನು ನೋಡುತ್ತಿರಲಿಲ್ಲ. ಬಾಗಿದ ಆ ನೆರೆತ ತಲೆಯನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದರು.

“ಇಪ್ಪತ್ತು ವರ್ಷ ಆಯ್ತು, ಕೊಡೆ ರಿಪೇರಿಗೆ ಬಂದಾಗಲೆಲ್ಲ ಆ ಊರಿನ ಸುದ್ದಿ ಕೇಳ್ತಾ ಇದ್ದೇನೆ. ಇನ್ನೂ ಮುಗಿಯಲಿಲ್ಲ. ಬರೀ ಮೇಲೆ ನಿಂತು ನೋಡಿದ್ದೇ ಇಷ್ಟು ಉಂಟಾ ಮಾರಾಯ್ರೆ?” ಎಂದರು ನಿಧಾನವಾಗಿ.

ಆದಂ ಕುಂಞಿ ಹೌದೆಂಬಂತೆ ತಲೆಯಾಡಿಸಿದರು.

ಗೌಡರು ಮಗಳ ಕಡೆಗೆ ಕೈ ಚಾಚಿದರು.

“ಭಯ ಉಂಟು, ಇರಲಿ. ಕೊಡು ಆ ಕಾಗದ. ಇಳಿದು ನೋಡಿದವರು ನಮ್ಮಲ್ಲಿ ಒಬ್ಬರಾದರೂ ಬೇಕಲ್ಲ.”