ಇಲ್ಲದ ಹುಳ

ಬಾಗಿಲು ತಳ್ಳಿಕೊಂಡು ಒಳಗೆ ಬಂದ ತಾಯಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಗ ತನ್ನ ಗಡಿಯಾರ ರಿಪೇರಿಯ ಮೇಜಿನ ಮುಂದೆ ಕೂತಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚೂಪು ಚಿಮಟ ಹಿಡಿದು, ದೀಪದ ಕೆಳಗೆ ಬಗ್ಗಿದ್ದ. ದೀಪದ ಕೆಳಗಿದ್ದದ್ದು ಪುಟ್ಟಿಯ ಕೈ. ಮಗು ಅಪ್ಪನ ತೊಡೆಯ ಮೇಲೆ ಉಸಿರು ಬಿಗಿಹಿಡಿದು ಕೂತಿತ್ತು. ಅದರ ಮೊಣಕೈ ಹತ್ತಿರ ಕೆಂಪಗೆ ಒಂದು ಗೀರು.

“ಅಲ್ಲಾಡಬೇಡ ಚಿನ್ನ,” ಅನ್ನುತ್ತಿದ್ದ ಅವನು, ಮೆತ್ತಗೆ, ಮುದ್ದಿನಿಂದಲೇ. “ಚರ್ಮದ ಕೆಳಗೆ ಸೇರ್ಕೊಂಡಿದೆ. ಮೊಟ್ಟೆ ಇಡೋಕ್ ಮುಂಚೆ ತೆಗೆದುಬಿಡ್ತೀನಿ.”

“ಏನೋ ಸೇರ್ಕೊಂಡಿರೋದು?” ತಾಯಿ ಕೇಳಿದಳು.

ಅವನು ತಲೆ ಎತ್ತಲಿಲ್ಲ. “ಹುಳ ಅಮ್ಮ. ನನಗೆ ಬಂದಿದ್ದು ಇವಳಿಗೂ ಹತ್ತಿದೆ.”

ಅವನ ತೋಳಿನ ತುಂಬ ಕೆರೆದು ಕೆರೆದು ಹುಣ್ಣಾದದ್ದನ್ನು ತಾಯಿ ನೋಡಿರಲಿಲ್ಲವೆಂದಲ್ಲ. ಅವನು ಸೇದುವ ಮಾದಕಕ್ಕೆ ಐಸ್ ಅಂತಾರಂತೆ, ಹರಳುಪ್ಪಿನ ಹಾಗಿರುತ್ತದೆ. ನಿದ್ದೆ ಬರುವುದಿಲ್ಲ, ಕೆಲಸ ಚಕಚಕ ಆಗುತ್ತದೆ ಅಂತ ಪಕ್ಕದ ಅಂಗಡಿಯವನಾರೋ ರುಚಿ ಹತ್ತಿಸಿದ್ದ. ಮೊದಮೊದಲು ಕೆಲಸ ಆಗಿದ್ದೂ ನಿಜವೇ. ಆಮೇಲೆ ನಿದ್ದೆ ಹೋಯಿತು, ಊಟ ಹೋಯಿತು, ಹಲ್ಲುಗಳು ಕಪ್ಪಾಗಿ ಪುಡಿಯಾಗತೊಡಗಿದವು, ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣತೊಡಗಿತು. ಹಾಸಿಗೆಯ ಕೆಳಗೆ ಮಸಿ ಹಿಡಿದ ಗಾಜಿನ ಕೊಳವೆ ಸಿಕ್ಕಿದಾಗ ತಾಯಿ ಅದನ್ನು ಒಡೆದು ಎಸೆದಿದ್ದಳೇ ಹೊರತು ಸೊಸೆಗೆ ಹೇಳಿರಲಿಲ್ಲ. “ಯಾಕತ್ತೆ ಇವರು ಹೀಗೆ ಸೊರಗ್ತಿದ್ದಾರೆ?” ಅಂತ ಸೊಸೆ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: “ಕೆಲಸದ ಸುಸ್ತು ಕಣಮ್ಮ.” ಇವತ್ತು ಬೆಳಿಗ್ಗೆ ಪಕ್ಕದ ಬೀದಿಯ ಚಪ್ಪಲಿ ಅಂಗಡಿಯ ಕೆಲಸಕ್ಕೆ ಹೊರಟ ಸೊಸೆ ಮಗುವನ್ನು ಬಿಟ್ಟು ಹೋಗಲು ಹಿಂದೆಮುಂದೆ ನೋಡಿದಾಗಲೂ ಅವಳೇ ಧೈರ್ಯ ಹೇಳಿದ್ದಳು: “ಹೆತ್ತ ಅಪ್ಪ ತಾನೆ, ನೋಡ್ಕೋತಾನೆ ಹೋಗು.” ಹೇಳಿ, ತಾನೂ ಹೊಲಿಗೆ ಅಂಗಡಿಯ ದಾರಿ ಹಿಡಿದಿದ್ದಳು.

ಕಿರುಚಿಕೊಳ್ಳಬೇಕೆನಿಸಿತು. ಮೊನ್ನೆ ದನಿ ಏರಿಸಿದ್ದಕ್ಕೆ ಅವನು ಗೋಡೆಯ ಕನ್ನಡಿಯನ್ನು ಚೂರುಚೂರು ಮಾಡಿದ್ದು ನೆನಪಾಗಿ ಕೂಗನ್ನು ನುಂಗಿಕೊಂಡಳು. ಹತ್ತಿರ ಹೋಗಿ ರವಿಕೆಯ ತೋಳು ಮೇಲೆ ಸರಿಸಿ, ಕೈಯನ್ನು ದೀಪದ ಕೆಳಗೆ ಚಾಚಿದಳು.

“ನನಗೂ ತುರಿಸ್ತಾ ಇದೆ ಕಣೋ. ಮೊದಲು ನಂದು ನೋಡು. ದೊಡ್ಡವರ ಮೈಯಲ್ಲಿ ಉಳಿದ್ರೆ ಮಗೂಗೆ ಮತ್ತೆ ಹತ್ತಲ್ವಾ?”

ಅವನು ಭೂತಗನ್ನಡಿಯ ಕಣ್ಣನ್ನು ಅವಳತ್ತ ತಿರುಗಿಸಿದ. ಅದರೊಳಗೆ ಕಣ್ಣಿನ ಕಪ್ಪು ಅಗಲವಾಗಿ ಹರಡಿಕೊಂಡಿತ್ತು. “ನಿಂಗೂ ಇದೆಯಾ? ಯಾರೂ ನಂಬ್ತಾನೇ ಇರ್ಲಿಲ್ಲ ಅಮ್ಮ.” ಆ ಮಾತಿನಲ್ಲಿ ನಿರಾಳವಿತ್ತು. “ಎಲ್ಲಿ, ತೋರ್ಸು.”

“ಇಲ್ಲಿ.” ತೋಚಿದ ಕಡೆ ಬೆರಳಿಟ್ಟು ತೋರಿಸಿದಳು. “ಪುಟ್ಟಿ, ಎದುರುಮನೆ ಆಂಟಿ ಹತ್ರ ಹೋಗಿ ಕೈಗೆ ಮುಲಾಮು ಹಚ್ಚಿಸ್ಕೊ. ಅಜ್ಜಿ ಕರೆಯೋವರೆಗೂ ಅಲ್ಲೇ ಇರು.”

ಮಗು ಜಾರಿ ಇಳಿದು ಓಡಿತು. ಚಿಮಟದ ತುದಿ ಅವಳ ಚರ್ಮದೊಳಗೆ ಇಳಿಯಿತು. ಹಲ್ಲು ಕಚ್ಚಿಕೊಂಡು ಕಿವಿಯನ್ನು ಬೀದಿಗೆ ಕೊಟ್ಟು ಕೂತಳು. ಆ ಗೀರು ನೋಡಿ ಎದುರುಮನೆಯವಳಿಗೆ ಅರ್ಥವಾದೀತೇ, ಸೊಸೆಗೆ ಫೋನ್ ಮಾಡಿಯಾಳೇ, ಇಲ್ಲ ಬರೀ ಮುಲಾಮು ಹಚ್ಚಿ ಮಗುವನ್ನು ವಾಪಸ್ ಕಳಿಸಿಬಿಟ್ಟರೆ?

“ಸಿಕ್ತೇನೋ?”

“ಜಾರ್ಕೊಳ್ತಿದೆ. ಸ್ವಲ್ಪ ತಡಿ.”

ಅಂಗಿಯ ಮೇಲಿಂದಲೇ ಅವನ ಎದೆ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಮೇಜಿನ ಮೇಲೆ ರಕ್ತ ತೊಟ್ಟಿಕ್ಕಿ, ಬಿಚ್ಚಿಟ್ಟ ಗಡಿಯಾರವೊಂದರ ಚಕ್ರಗಳ ನಡುವೆ ಹರಿಯಿತು. ಹೊರಗೆ ಹೆಜ್ಜೆಯ ಸದ್ದಾಗಿದ್ದೇ ತಡ, ಅವನು ದಿಗ್ಗನೆ ಎದ್ದ. ಚಿಮಟ ಅವಳ ಮುಖದ ಕಡೆಗಿತ್ತು.

“ಯಾರನ್ನ ಕರೆಸಿದ್ದೀಯ?”

“ನಾನ್ಯಾಕೋ ಕರೆಸ್ಲಿ? ಕೂತ್ಕೊ, ಇನ್ನೂ ಆಗಿಲ್ಲ ನಂದು.”

ಅವನು ಕೂರಲಿಲ್ಲ. ಎದೆ ಹಿಡಿದುಕೊಂಡು, ಮುಖವೆಲ್ಲ ಬೂದಿಯಾಗಿ, ಮೇಜನ್ನು ತಬ್ಬಿಕೊಂಡವನು ಹಾಗೇ ನೆಲಕ್ಕೆ ಕುಸಿದ. ಬಾಗಿಲಲ್ಲಿ ಎದುರುಮನೆಯವಳು, ಅವಳ ಹಿಂದೆಯೇ ಏದುಸಿರು ಬಿಡುತ್ತಿದ್ದ ಸೊಸೆ.

ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯದ ಬಡಿತ ತಾಳ ತಪ್ಪಿದೆ, ಸದ್ಯಕ್ಕೆ ಉಳಿದಿದ್ದಾನೆ, ಇನ್ನೊಮ್ಮೆ ಐಸ್ ಮುಟ್ಟಿದರೆ ಹೇಳಲಾಗದು ಅಂದರು. ಎಷ್ಟು ದಿನದಿಂದ ತಗೊಳ್ತಿದ್ದ ಅಂತ ಕೇಳಿದಾಗ ಸೊಸೆ ಅತ್ತೆಯ ಮುಖ ನೋಡಿದಳು.

“ನಿಮಗೆ ಗೊತ್ತಿತ್ತಾ ಅತ್ತೆ?”

ತಾಯಿ ಹೌದೆಂದು ತಲೆಯಾಡಿಸಿದಳು. ಸೊಸೆ ಎದ್ದು ಹೋಗಿ ದೂರದ ಬೆಂಚಿನ ಮೇಲೆ, ನಿದ್ದೆ ಹೋದ ಪುಟ್ಟಿಯನ್ನು ಮಡಿಲಿಗೆಳೆದುಕೊಂಡು ಕೂತಳು.

ಮಗ ಕಳೆದುಹೋದ ನಿದ್ದೆಯನ್ನೆಲ್ಲ ಒಟ್ಟಿಗೆ ಮಾಡಿದವನಂತೆ ಮಲಗಿ, ಮರುದಿನ ಸಂಜೆ ಕಣ್ಣು ಬಿಟ್ಟ. ನೋಟ ಮೊದಲಿನದೇ, ತಿಳಿಯಾಗಿತ್ತು. ಅದು ತಾಯಿಯ ತೋಳಿನ ಬ್ಯಾಂಡೇಜಿನ ಮೇಲೆ ಬಂದು ನಿಂತಿತು.

“ಕೈಗೇನಾಯ್ತಮ್ಮ?”

ಇಸ್ತ್ರಿಪೆಟ್ಟಿಗೆ ತಾಗಿತು ಅನ್ನುವ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು. ವಾರ್ಡಿನ ಬಾಗಿಲಿಗೆ ಒರಗಿ ಸೊಸೆ ನಿಂತಿದ್ದಳು, ಒಳಗೆ ಬಂದಿರಲಿಲ್ಲ.

“ನೀನು ಮಾಡಿದ್ದು,” ಅಂದಳು ತಾಯಿ. “ಪುಟ್ಟಿ ಕೈಗೆ ಮಾಡ್ತಿದ್ದೆ. ನಾನು ನಂದು ಕೊಟ್ಟೆ.”